ಹುಟ್ಟಾ ಸಸ್ಯಾಹಾರಿ ಗೆಳೆಯನಿಗೇ ಸ್ಟೆಂಟ್ ಬಿತ್ತು, ನಾನು ಮಾಂಸ ಬಿಟ್ಟು ಏನು ಪ್ರಯೋಜನ?

ಪ್ರಶ್ನೆ: ನನಗೆ 47 ವರ್ಷ, ತೂಕ 72 ಕೆಜಿ. ಬೆಂಗಳೂರಿನ ವಿಜಯನಗರದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ, ಮೂಲ ಮಂಡ್ಯದ ಕಡೆ. ಕಳೆದ ತಿಂಗಳು ಹೆಲ್ತ್ ಚೆಕಪ್ ಮಾಡಿಸಿದೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) 6.1, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 210, ಜೊತೆಗೆ ಫ್ಯಾಟಿ ಲಿವರ್ ಮೊದಲ ಹಂತ. ಡಾಕ್ಟರು ಸದ್ಯಕ್ಕೆ ಮಾತ್ರೆ ಬೇಡ, ಮೂರು ತಿಂಗಳು ಊಟ ಸರಿ ಮಾಡಿಕೊಳ್ಳಿ ಎಂದರು. ಕಾಲೇಜಿಗೆ ಹೋಗುವ ಮಗಳು ಹಾಲು, ಮೊಸರನ್ನೂ ಬಿಟ್ಟಿದ್ದಾಳೆ. ನನಗೂ ಪೂರ್ತಿ ಸಸ್ಯಾಹಾರಕ್ಕೆ ಬಾ ಅಂತ ಹಿಂದೆ ಬಿದ್ದಿದ್ದಾಳೆ. ನಾವು ವಾರಕ್ಕೆ ಎರಡು ಸಲ ಮಾಂಸ ಮಾಡುತ್ತೇವೆ. ಆದರೆ ನಮ್ಮ ಬೀದಿಯ ಗೆಳೆಯರೊಬ್ಬರು ಹುಟ್ಟಾ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಅವರಿಗೆ 49ಕ್ಕೇ ಸ್ಟೆಂಟ್ ಬಿತ್ತು. ಹಾಗಿದ್ದ ಮೇಲೆ ಮಾಂಸ ಬಿಟ್ಟರೆ ನಿಜವಾಗಿ ಏನಾದರೂ ಲಾಭ ಇದೆಯಾ? ಪ್ರೋಟೀನ್ ಸಾಕಾಗುತ್ತಾ? ಮುದ್ದೆ ತಿನ್ನಬಹುದಾ?

ಉತ್ತರ:

ನಿಮ್ಮ ಗೆಳೆಯರ ವಿಷಯದಿಂದಲೇ ಶುರು ಮಾಡೋಣ. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ.

ಒಂದು ದಿನದ ಊಟ ನೋಡಿ. ಬೆಳಗ್ಗೆ ದರ್ಶಿನಿಯಲ್ಲಿ ಖಾರಾ ಬಾತ್, ಕೇಸರಿ ಬಾತ್, ಎರಡು ಚಮಚ ಸಕ್ಕರೆ ಹಾಕಿದ ಕಾಫಿ. ಮಧ್ಯಾಹ್ನ ಅನ್ನ ತಿಳಿಸಾರು, ಆಮೇಲೆ ಅನ್ನ ಮಜ್ಜಿಗೆ, ನಂಚಿಕೊಳ್ಳಲು ಹಪ್ಪಳ, ಉಪ್ಪಿನಕಾಯಿ. ಸಂಜೆ ಬೋಂಡ, ಇಲ್ಲದಿದ್ದರೆ ಬಿಸ್ಕತ್ತು. ರಾತ್ರಿ ಚಪಾತಿ, ಆಲೂಗಡ್ಡೆ ಪಲ್ಯ, ಕೊನೆಗೆ ಒಂದು ತುತ್ತು ಮೊಸರನ್ನ. ಇದರಲ್ಲಿ ಒಂದು ಚೂರು ಮಾಂಸ ಇಲ್ಲ. ಹಾಲು, ತುಪ್ಪ ಬಿಟ್ಟರೆ ಎಲ್ಲವೂ ಗಿಡದಿಂದ ಬಂದದ್ದೇ. ಆದರೆ ಒಳಗೆ ಏನಿದೆ ಅಂತ ನೋಡಿದರೆ ರವೆ, ಅಕ್ಕಿ, ಮೈದಾ, ಸಕ್ಕರೆ, ಎಣ್ಣೆ, ಉಪ್ಪು. ಕಾಳು ಎಲ್ಲಿ? ಸೊಪ್ಪು ಎಲ್ಲಿ? ನಿಮ್ಮ ಗೆಳೆಯರು ಹೀಗೇ ತಿನ್ನುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಸಿಗರೇಟು, ಬಿಪಿ, ಮನೆತನದಲ್ಲಿ ಬಂದ ಹೃದಯದ ಕಾಯಿಲೆ, ಹೀಗೆ ಕಾರಣ ಏನು ಬೇಕಾದರೂ ಇರಬಹುದು. ನಮ್ಮ ಕಡೆಯವರಿಗೆ ಹೃದಯದ ತೊಂದರೆ ಚಿಕ್ಕ ವಯಸ್ಸಿಗೇ ಬರುವುದು ಹೊಸ ವಿಷಯವೇನಲ್ಲ. ಆದರೆ ಬೆಂಗಳೂರಿನ ಎಷ್ಟೋ ಸಸ್ಯಾಹಾರಿ ಮನೆಗಳಲ್ಲಿ ದಿನದ ಊಟ ಹೆಚ್ಚುಕಡಿಮೆ ಇದೇ. ಮಾಂಸ ತಿನ್ನುವವರ ಮನೆಯಲ್ಲೂ ವಾರದ ಉಳಿದ ಐದು ದಿನ ಇದೇ ತಾನೇ?

ಸಸ್ಯಾಹಾರ ಸಸ್ಯಾಹಾರದ ನಡುವಿನ ವ್ಯತ್ಯಾಸವನ್ನು ಲೆಕ್ಕ ಹಾಕಿ ತೋರಿಸಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಬಂತು. ಅಮೆರಿಕದ ಹಾರ್ವರ್ಡ್ ಸಂಶೋಧಕರು ಎರಡು ಲಕ್ಷಕ್ಕೂ ಹೆಚ್ಚು ನರ್ಸ್‌ಗಳು ಮತ್ತು ಇತರ ಆರೋಗ್ಯ ಸಿಬ್ಬಂದಿಯ ಊಟವನ್ನು ವರ್ಷಗಟ್ಟಲೆ ಗಮನಿಸಿದ್ದರು. ಅವರು ಸಸ್ಯಾಹಾರವನ್ನು ಒಂದೇ ಗುಂಪು ಅಂತ ನೋಡಲಿಲ್ಲ. ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು, ಕಡಲೆಕಾಯಿ, ಬಾದಾಮಿಯಂಥವನ್ನು ಒಂದು ಕಡೆ ಇಟ್ಟರು. ಪಾಲಿಶ್ ಮಾಡಿದ ಧಾನ್ಯ, ಆಲೂಗಡ್ಡೆ, ಸಿಹಿ ಪಾನೀಯ, ಮಿಠಾಯಿಗಳನ್ನು ಇನ್ನೊಂದು ಕಡೆ ಇಟ್ಟರು. ಮೊದಲನೇ ಬಗೆಯ ಸಸ್ಯಾಹಾರವನ್ನು ಅತಿ ಹೆಚ್ಚು ತಿಂದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ, ಅತಿ ಕಡಿಮೆ ತಿಂದವರಿಗಿಂತ ಶೇ 25ರಷ್ಟು ಕಡಿಮೆ ಇತ್ತು. ಎರಡನೇ ಬಗೆಯದನ್ನು ಅತಿ ಹೆಚ್ಚು ತಿಂದವರಲ್ಲಿ ಶೇ 32ರಷ್ಟು ಜಾಸ್ತಿ ಇತ್ತು. ಎರಡೂ ಸಸ್ಯಾಹಾರವೇ!

ನಮ್ಮ ದೇಶದ್ದೂ ಒಂದು ಲೆಕ್ಕ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಎಂಬ ಸಕ್ಕರೆ ಕಾಯಿಲೆ ಅಧ್ಯಯನದ ಊಟದ ವಿವರ 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತೀಯರಿಗೆ ದಿನದ ಶಕ್ತಿಯ ಸುಮಾರು ಶೇ 62 ಭಾಗ ಪಿಷ್ಟ, ಸಕ್ಕರೆಯಿಂದಲೇ ಬರುತ್ತದೆ. ಅದರಲ್ಲಿ ಬಹುಪಾಲು ಬಿಳಿ ಅಕ್ಕಿ, ಹಿಟ್ಟು, ಸಕ್ಕರೆ. ಪ್ರೋಟೀನ್ ಪಾಲು ಶೇ 12ರ ಆಸುಪಾಸು. ಈ ಪಿಷ್ಟದ ಒಂದು ಸಣ್ಣ ಪಾಲನ್ನು ಕಾಳು, ಬೇಳೆ ಅಥವಾ ಹಾಲಿನ ಪ್ರೋಟೀನ್‌ಗೆ ಬದಲಾಯಿಸಿದರೂ ಸಕ್ಕರೆ ಕಾಯಿಲೆಯ ಅಪಾಯ ಇಳಿಯುತ್ತದೆ ಅನ್ನುವುದು ಅವರು ಕಂಡುಕೊಂಡ ಮುಖ್ಯ ಅಂಶ.

ಹಾಗಾಗಿ ನಿಮಗೆ ನನ್ನ ಉತ್ತರ ಇಷ್ಟು. ಹೌದು, ಬಹುಪಾಲು ಸಸ್ಯಾಹಾರದಿಂದ ನಿಮ್ಮ ಈ ನಾಲ್ಕೂ ರಿಪೋರ್ಟಿಗೆ ಲಾಭ ಇದೆ. ಆದರೆ ಮಾಂಸ ಬಿಟ್ಟ ಜಾಗಕ್ಕೆ ಇನ್ನೊಂದು ಸೌಟು ಅನ್ನ ಬಂದು ಕೂತರೆ ಆ ಲಾಭ ಸಿಗುವುದಿಲ್ಲ. ತಟ್ಟೆಗೆ ಏನು ಬರಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ, ಬಿಡುವ ಮಾತು ಆಮೇಲೆ.

ನಿಮ್ಮ ರಿಪೋರ್ಟನ್ನೇ ಒಂದೊಂದಾಗಿ ನೋಡೋಣ. ಎಲ್‌ಡಿಎಲ್ 148 ಇದೆ. ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತ ತಯಾರಿಸಿ ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದರಲ್ಲಿ ಬಹುಪಾಲನ್ನು ಕರುಳು ವಾಪಸ್ ಹೀರಿಕೊಳ್ಳುತ್ತದೆ. ಕಾಳು, ಓಟ್ಸ್, ಬೆಂಡೆಕಾಯಿ, ಮೆಂತ್ಯ, ಸೀಬೆಹಣ್ಣುಗಳಲ್ಲಿರುವ ಕರಗುವ ನಾರು ಈ ಪಿತ್ತವನ್ನು ಹಿಡಿದಿಟ್ಟು ಮಲದ ಜೊತೆ ಹೊರಗೆ ಕಳಿಸುತ್ತದೆ. ಲಿವರ್ ಮತ್ತೆ ಪಿತ್ತ ತಯಾರಿಸಬೇಕು. ಅದಕ್ಕೆ ಕೊಲೆಸ್ಟ್ರಾಲ್ ಬೇಕು. ಹಾಗಾಗಿ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಇದರ ಜೊತೆಗೆ ಮಟನ್ ಕೊಬ್ಬು, ಬೆಣ್ಣೆ, ಪಾಮ್ ಎಣ್ಣೆ ಕಡಿಮೆಯಾದರೆ ಎಲ್‌ಡಿಎಲ್ ಎರಡೂ ಕಡೆಯಿಂದ ಇಳಿಯುತ್ತದೆ. ತೆಂಗಿನೆಣ್ಣೆಯೂ ಗಿಡದ್ದೇ, ಆದರೆ ಅದು ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳಿಗಿಂತ ಎಲ್‌ಡಿಎಲ್ ಜಾಸ್ತಿ ಮಾಡುತ್ತದೆ. ಪಲ್ಯಕ್ಕೆ ಉದುರಿಸುವ ಒಂದು ಹಿಡಿ ಕಾಯಿತುರಿಗೆ ಹೆದರಬೇಡಿ. ತೆಂಗಿನೆಣ್ಣೆಯನ್ನು ಬೆಳಗ್ಗೆ ಎದ್ದು ಚಮಚಗಟ್ಟಲೆ ಕುಡಿಯುವ ಔಷಧಿ ಮಾಡಿಕೊಳ್ಳಬೇಡಿ.

ಟ್ರೈಗ್ಲಿಸರೈಡ್ 210 ಮತ್ತು ಫ್ಯಾಟಿ ಲಿವರ್ ಎರಡೂ ಒಂದೇ ಮನೆಯ ಮಕ್ಕಳು. ಬೇಕಾದ್ದಕ್ಕಿಂತ ಜಾಸ್ತಿ ಪಿಷ್ಟ, ಸಕ್ಕರೆ ಬಂದಾಗ ಲಿವರ್ ಅದನ್ನು ಕೊಬ್ಬಾಗಿ ಬದಲಾಯಿಸುತ್ತದೆ. ಸ್ವಲ್ಪ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಸ್ವಲ್ಪ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಇಲ್ಲಿ ಭಾನುವಾರದ ಕೋಳಿಗಿಂತ ದಿನಾ ತಿನ್ನುವ ಅನ್ನದ ರಾಶಿಯ ಮೇಲೆ ನನಗೆ ಅನುಮಾನ ಜಾಸ್ತಿ. ಕುಡಿಯುವ ಅಭ್ಯಾಸ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬಿಯರ್ ಕೂಡ ಬಾರ್ಲಿಯಿಂದ ಬಂದ ಸಸ್ಯಾಹಾರವೇ ಅಲ್ವಾ!

ಎಚ್‌ಬಿಎ1ಸಿ 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನೀವು ಅಲ್ಲಿದ್ದೀರಿ. ಹೊಟ್ಟೆಯ ಸುತ್ತಳತೆ ಇಳಿದರೆ, ನಾರು ಜಾಸ್ತಿಯಾದರೆ ಇದು ಇಳಿಯುವ ಸಾಧ್ಯತೆ ಚೆನ್ನಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ನಾರಿನ ಬಗ್ಗೆ ಇದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿತು. ಜಾಸ್ತಿ ನಾರು ತಿನ್ನುವವರಲ್ಲಿ ಹೃದಯದ ಕಾಯಿಲೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಶೇ 15ರಿಂದ 30ರಷ್ಟು ಕಡಿಮೆ ಇದ್ದವು. ದಿನಕ್ಕೆ 25ರಿಂದ 29 ಗ್ರಾಂ ನಾರಿನಲ್ಲಿ ಒಳ್ಳೆಯ ಲಾಭ ಕಂಡಿತು. ನಮ್ಮ ಕಡಲೆಕಾಳಿನಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ನಾರಿದೆ. ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಒಂದು ಬಟ್ಟಲು ಕಡಲೆಕಾಳಿನ ಉಸ್ಲಿ, ಒಂದು ಸೀಬೆಹಣ್ಣು ತಿಂದರೆ ದಿನದ ಅರ್ಧ ದಾರಿ ಮುಗಿಯಿತು.

ಈಗ ಅಡುಗೆಮನೆಗೆ ಬರೋಣ. ಸಸ್ಯಾಹಾರಿಗಳ ಮನೆಯಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಸಾರಿಗೆ ಬೇಳೆ ಎಷ್ಟು ಹಾಕುತ್ತೀರಿ? ನಾಲ್ಕು ಜನಕ್ಕೆ ಅರ್ಧ ಲೋಟ ಅನ್ನುತ್ತಾರೆ. ಅಂದರೆ ಸುಮಾರು 80 ಗ್ರಾಂ ತೊಗರಿಬೇಳೆ. ತಲೆಗೆ 20 ಗ್ರಾಂ ಬಂತು, ಅದರಲ್ಲಿ ಪ್ರೋಟೀನ್ ನಾಲ್ಕೇ ಗ್ರಾಂ ಚಿಲ್ಲರೆ. ಆ ಸಾರನ್ನು ಕಲಸಿಕೊಳ್ಳುವ ಅನ್ನ ಮಾತ್ರ ತಟ್ಟೆ ತುಂಬ. ತಿಳಿಸಾರಾದರೆ ತಳದಲ್ಲಿರುವ ಬೇಳೆ ಸೌಟಿಗೂ ಬರುವುದಿಲ್ಲ. ಬೇಳೆ ತಿಂದೆವು ಅನ್ನುವ ಸಮಾಧಾನ ಮಾತ್ರ ಸಿಗುತ್ತದೆ.

ಇದಕ್ಕೆ ನಿಮ್ಮ ಊರಿನ ಅಡುಗೆಯಲ್ಲೇ ಮದ್ದಿದೆ, ಬಸ್ಸಾರು. ಹುರುಳಿಕಾಳು, ಅಲಸಂದೆ ಅಥವಾ ಹೆಸರುಕಾಳು ಒಂದು ಲೋಟ ಬೇಯಲು ಇಡುತ್ತೀರಿ. ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪೋ, ಸಬ್ಬಸಿಗೆಯೋ, ಬೆರಕೆ ಸೊಪ್ಪೋ ಎರಡು ಕಟ್ಟು ಹೆಚ್ಚಿ ಹಾಕುತ್ತೀರಿ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಹುಣಸೆ, ಸ್ವಲ್ಪ ಕಾಯಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿದರೆ ಸಾರು. ಬಸಿದು ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಸೊಪ್ಪು ಬೇಯಿಸುವಾಗ ಫೋಲೇಟ್ ಎಂಬ ವಿಟಮಿನ್, ಪೊಟ್ಯಾಸಿಯಂ ನೀರಿಗೆ ಇಳಿಯುತ್ತವೆ. ಎಷ್ಟೋ ಮನೆಗಳಲ್ಲಿ ಆ ನೀರು ಸಿಂಕಿಗೆ ಹೋಗುತ್ತದೆ. ಬಸ್ಸಾರಿನಲ್ಲಿ ಅದು ಸಾರಾಗಿ ತಟ್ಟೆಗೇ ಬರುತ್ತದೆ. ಮಸ್ಸೊಪ್ಪು, ಉಪ್ಸಾರು, ಹುರುಳಿ ಸಾರು, ಅವರೆಕಾಳು ಸಾರು ಎಲ್ಲವೂ ಇದೇ ಜಾತಿಯವು. ಡಿಸೆಂಬರ್ ಬಂದರೆ ಮಾಗಡಿ ಕಡೆಯ ಅವರೆಕಾಯಿ ರಸ್ತೆ ಬದಿಯಲ್ಲೇ ರಾಶಿ ಬೀಳುತ್ತದೆ. ಆ ಎರಡು ತಿಂಗಳು ಬೆಂಗಳೂರಿನವರಿಗೆ ಪ್ರೋಟೀನ್ ಪಾಠ ಹೇಳುವ ಅಗತ್ಯವೇ ಇಲ್ಲ.

ಹಳೆಯ ಮೈಸೂರು ಸೀಮೆಯ ಹಳ್ಳಿ ಮನೆಗಳಲ್ಲಿ ಊಟ ಬಹುಪಾಲು ಸಸ್ಯಾಹಾರವೇ ಆಗಿತ್ತು. ಮಾಂಸ ವರ್ಷದ ತೊಡಕಿಗೆ, ಹಬ್ಬಕ್ಕೆ, ನೆಂಟರು ಬಂದಾಗ. ಹಾಗಂತ ಹಿಂದಿನವರದ್ದೆಲ್ಲ ಅಮೃತ ಅಂತ ನಾನು ಹೇಳುವುದಿಲ್ಲ. ಎಷ್ಟೋ ಜನಕ್ಕೆ ಹೊಟ್ಟೆ ತುಂಬ ಸಿಗುತ್ತಿರಲಿಲ್ಲ, ಜೊತೆಗೆ ಹೊಲದ ಕೆಲಸ ಮೈ ಮುರಿಯುತ್ತಿತ್ತು. ಅವರು ತಿನ್ನುತ್ತಿದ್ದ ಮುದ್ದೆಯ ಗಾತ್ರ ಅವರ ಕೆಲಸಕ್ಕೆ ಸರಿಯಾಗಿತ್ತು. ಬ್ಯಾಂಕಿನ ಕುರ್ಚಿಗೆ ಸರಿಯಾಗುವುದಿಲ್ಲ.

ಮುದ್ದೆಯ ಪ್ರಶ್ನೆಗೆ ಬಂದೆವು. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇದೆ. ಅಷ್ಟೇ ಹಾಲಿನಲ್ಲಿ ಕ್ಯಾಲ್ಸಿಯಂ 120 ಮಿಲಿಗ್ರಾಂ ಆಸುಪಾಸು. ಆದರೆ ರಾಗಿಯಲ್ಲಿರುವ ಫೈಟೇಟ್, ಟ್ಯಾನಿನ್‌ಗಳು ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಸ್ವಲ್ಪ ಹಿಡಿದಿಡುತ್ತವೆ. ಮೊಳಕೆ ಕಟ್ಟಿದರೆ, ಹುದುಗಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಮಾತು. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಅಂತ ಒಂದು ನಂಬಿಕೆ ಇದೆ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತದೆ. ಮೇಲೆ ಹೇಳಿದ ಇಂಡಿಯಾಬ್ ಅಧ್ಯಯನದಲ್ಲೂ ಅಕ್ಕಿ, ಮೈದಾ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟಿಗೆ ಬದಲಾಯಿಸಿದ್ದರಿಂದ ಮಾತ್ರ ಅಪಾಯ ಇಳಿದದ್ದು ಕಾಣಲಿಲ್ಲ. ಒಟ್ಟು ಪಿಷ್ಟವೇ ಇಳಿಯಬೇಕು. ಹಾಗಾಗಿ ನಿಮಗೆ ಕಿತ್ತಳೆ ಗಾತ್ರದ ಒಂದು ಮುದ್ದೆ, ಅದಕ್ಕೆ ಎರಡು ಬಟ್ಟಲು ಗಟ್ಟಿ ಬಸ್ಸಾರು, ಒಂದು ಬಟ್ಟಲು ಕಾಳು ಸೊಪ್ಪಿನ ಪಲ್ಯ. ಮುದ್ದೆ ಆದ ಮೇಲೆ ಶಾಸ್ತ್ರಕ್ಕೆ ಅಂತ ಹಾಕಿಕೊಳ್ಳುವ ಅನ್ನ ಇದೆಯಲ್ಲ, ಅದನ್ನು ಬಿಡಿ. ಇದೊಂದು ಬದಲಾವಣೆಯಿಂದಲೇ ಎಷ್ಟೋ ಜನರ ಟ್ರೈಗ್ಲಿಸರೈಡ್ ಇಳಿಯುತ್ತದೆ. ಮೊದಲು ಪಲ್ಯ, ಕೋಸಂಬರಿ ತಿಂದು ಆಮೇಲೆ ಮುದ್ದೆಗೆ ಕೈ ಹಾಕಿದರೆ ಊಟದ ನಂತರದ ಸಕ್ಕರೆಯ ಏರಿಕೆ ಇನ್ನಷ್ಟು ಮಟ್ಟಸವಾಗಿರುತ್ತದೆ.

ಅಳತೆ ಬೇಕು ಅನ್ನುವವರಿಗೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕ ಇದೆ. 2000 ಕ್ಯಾಲೊರಿಯ ದಿನಕ್ಕೆ ಎಲ್ಲ ಧಾನ್ಯ ಸೇರಿ 250 ಗ್ರಾಂ, ಬೇಳೆ ಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಕಡಲೆಕಾಯಿ, ಎಳ್ಳು, ಬಾದಾಮಿಯಂಥವು 35 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ, ಎಣ್ಣೆ ತುಪ್ಪ 27 ಗ್ರಾಂ. ಮಾಂಸ, ಮೊಟ್ಟೆ ತಿನ್ನುವವರಿಗೆ ಅದು ಆ 85 ಗ್ರಾಂ ಬೇಳೆ ಕಾಳಿನ ಲೆಕ್ಕದೊಳಗೇ ಬರುತ್ತದೆ. ಎಣ್ಣೆಯ ಅಂಕಿಯನ್ನು ತಿಂಗಳಿಗೆ ಲೆಕ್ಕ ಹಾಕಿದರೆ ನಾಲ್ಕು ಜನರ ಮನೆಗೆ ತುಪ್ಪ, ಬೆಣ್ಣೆ ಎಲ್ಲ ಸೇರಿ ಸುಮಾರು ಮೂರೂವರೆ ಲೀಟರ್. ನಿಮ್ಮ ಮನೆಯ ದಿನಸಿ ಚೀಟಿಯನ್ನು ಒಮ್ಮೆ ನೋಡಿ. ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಎಲ್ಲ ಈ ಚಮಚದೊಳಗೇ.

ಪ್ರೋಟೀನ್ ಭಯ ಸುಮ್ನೆ ಭಯವಲ್ಲ, ಆದರೆ ಪರಿಹಾರ ಕಷ್ಟವೂ ಅಲ್ಲ. ಐಸಿಎಂಆರ್ ಪ್ರಕಾರ ದೊಡ್ಡವರಿಗೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. ನಿಮಗೆ 60 ಗ್ರಾಂ. 250 ಗ್ರಾಂ ಧಾನ್ಯದಿಂದ 22 ಗ್ರಾಂ ಆಸುಪಾಸು ಬರುತ್ತದೆ. 85 ಗ್ರಾಂ ಬೇಳೆ ಕಾಳಿನಿಂದ 18, ಒಂದು ದೊಡ್ಡ ಹಿಡಿ ಕಡಲೆಕಾಯಿಯಿಂದ 8, ಮೊಸರು ಹಾಲಿನಿಂದ 10. ಸೊಪ್ಪು ತರಕಾರಿಯದ್ದೂ ಸ್ವಲ್ಪ ಸೇರುತ್ತದೆ. ಅಲ್ಲಿಗೆ 60 ಆಯಿತು. ಧಾನ್ಯದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಜಾಸ್ತಿ. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ, ದಿನದಲ್ಲಿ ಸೇರಿದರೆ ಸಾಕು. ಮುದ್ದೆ ಹುರುಳಿ ಸಾರು, ಇಡ್ಲಿ ಸಾಂಬಾರು ಮಾಡುವುದು ಇದೇ ಕೆಲಸ. ಮುದ್ದೆ, ಅನ್ನ ಕಡಿಮೆ ಮಾಡಿದಾಗ ಅಲ್ಲಿ ಕಳೆದ ಪ್ರೋಟೀನನ್ನು ಕಾಳಿನಿಂದ, ಒಂದು ಹಿಡಿ ಸೋಯಾ ಚಂಕ್ಸ್‌ನಿಂದ ತುಂಬಿ. 25 ಗ್ರಾಂ ಸೋಯಾದಲ್ಲೇ 13 ಗ್ರಾಂ ಪ್ರೋಟೀನ್ ಇದೆ. ಮಾಲ್‌ಗಳಲ್ಲಿ ಸಿಗುವ ದುಬಾರಿ ಸಸ್ಯ ಮಾಂಸದ ಪ್ಯಾಟಿ, ಕ್ವಿನೋವ ನಿಮಗೆ ಬೇಕಿಲ್ಲ. ಆ ಪ್ಯಾಟಿಗಳಲ್ಲಿ ಎಷ್ಟೋ ಸಲ ತೆಂಗಿನೆಣ್ಣೆ, ಉಪ್ಪು ಎರಡೂ ಜೋರಾಗಿರುತ್ತವೆ. ಡಬ್ಬದ ಹಿಂದಿನ ಚೀಟಿ ಓದಿ ನೋಡಿ.

ಹಾಗಾದರೆ ಮಾಂಸ? ಪೂರ್ತಿ ಬಿಡಲೇಬೇಕು ಅಂತ ನಾನು ಹೇಳುವುದಿಲ್ಲ. ಮನಸ್ಸಿನಿಂದ ಬಿಡಬೇಕು ಅನ್ನಿಸಿದರೆ ಬಿಡಿ, ಒಳ್ಳೆಯದೇ. ಬರೀ ರಿಪೋರ್ಟಿಗೋಸ್ಕರ ಆದರೆ ಯಾವ ಮಾಂಸ, ಎಷ್ಟು ಅನ್ನುವುದನ್ನು ನೋಡಿದರೆ ಸಾಕು. ಸಾಸೇಜ್, ಸಲಾಮಿ, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಕ್ಯಾನ್ಸರ್‌ಕಾರಕ ಎಂದು ಪಟ್ಟಿಗೆ ಸೇರಿಸಿದೆ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಏರುತ್ತದೆ. ಅದನ್ನು ಮನೆಗೆ ತರಬೇಡಿ. ಮಟನ್‌ನಂಥ ಕೆಂಪು ಮಾಂಸ ಅದರ ಕೆಳಗಿನ ಮೆಟ್ಟಿಲಲ್ಲಿದೆ, ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪು. ತಿಂಗಳಿಗೆ ಒಂದೆರಡು ಸಲಕ್ಕೆ ಇಳಿಸಿ. ವಾರಕ್ಕೊಮ್ಮೆ ಚರ್ಮ ತೆಗೆದ ಕೋಳಿ ಸಾರು, ಸಾಧ್ಯವಾದರೆ ಬಂಗುಡೆಯಂಥ ಮೀನು ಇರಲಿ. ಮೀನಿನಲ್ಲಿರುವ ಬಗೆಯ ಒಮೆಗಾ-3 ಗಿಡಗಳಲ್ಲಿ ಸಿಗುವುದಿಲ್ಲ. ಅಗಸೆ ಬೀಜದಲ್ಲಿರುವುದು ಬೇರೆ ಬಗೆ, ಅದು ನಮ್ಮ ಮೈಯಲ್ಲಿ ಆ ರೂಪಕ್ಕೆ ಬದಲಾಗುವುದು ಸ್ವಲ್ಪವೇ. ಆದರೂ ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿ ದಿನಾ ಒಂದು ಚಮಚ ತಿನ್ನುವುದು ಒಳ್ಳೆಯದು. ಇನ್ನು ದೊನ್ನೆ ಬಿರಿಯಾನಿ. ಅದರಲ್ಲಿ ಮಾಂಸ ನಾಲ್ಕು ತುಂಡು, ಅನ್ನ ಒಂದು ರಾಶಿ, ಎಣ್ಣೆ ಕೈಗೆ ಅಂಟುವಷ್ಟು. ಅದು ಹಬ್ಬದ ಊಟವಾಗಿಯೇ ಉಳಿಯಲಿ.

ಈಗ ನಿಮ್ಮ ಮಗಳ ವಿಷಯ. ನೀವು ಕೇಳಿದ್ದು ನಿಮ್ಮ ಬಗ್ಗೆ, ಆದರೆ ನನಗೆ ಅವಳ ಬಗ್ಗೆಯೇ ಹೆಚ್ಚು ಯೋಚನೆ. ಹಾಲು, ಮೊಸರು, ಮೊಟ್ಟೆ ಎಲ್ಲ ಬಿಟ್ಟವರಿಗೆ ವಿಟಮಿನ್ ಬಿ12 ಊಟದಿಂದ ಸಿಗುವುದಿಲ್ಲ. ದಿನಕ್ಕೆ ಬೇಕಾಗುವುದು ಎರಡು ಮೈಕ್ರೋಗ್ರಾಂ ಚಿಲ್ಲರೆ ಅಷ್ಟೇ, ಆದರೆ ಅದು ಬೇಕೇ ಬೇಕು. ಇಡ್ಲಿ ಹಿಟ್ಟು ಹುದುಗಿದಾಗ ಬಿ12 ಬರುತ್ತದೆ, ಸ್ಪಿರುಲಿನಾದಲ್ಲಿ ಇದೆ ಅನ್ನುವ ಮಾತುಗಳನ್ನು ನಂಬಿ ಕೂರಬೇಡಿ. ಅವು ನೆಚ್ಚಿಕೊಳ್ಳುವಂಥ ಮೂಲಗಳಲ್ಲ. ಲಿವರ್‌ನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಕಾಣಿಸಲು ವರ್ಷಗಳೇ ಬೇಕು. ಕಂಡಾಗ ಪಾದ ಜೋಮು ಹಿಡಿಯುವುದು, ಮರೆವು, ಸುಸ್ತು, ಬಾಯಿ ಹುಣ್ಣು. ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಇನ್ನೊಂದು ತೊಡಕಿದೆ. ಸೊಪ್ಪಿನ ಫೋಲೇಟ್ ರಕ್ತಹೀನತೆಯನ್ನು ಮುಚ್ಚಿಬಿಡುತ್ತದೆ, ಒಳಗೆ ನರಕ್ಕೆ ಆಗುವ ಹಾನಿ ಮಾತ್ರ ನಡೆಯುತ್ತಲೇ ಇರುತ್ತದೆ. ಅವಳಿಗೆ ಬಿ12 ಮಾತ್ರೆ ಕಡ್ಡಾಯ ಅಂದುಕೊಳ್ಳಿ, ಪ್ರಮಾಣವನ್ನು ಡಾಕ್ಟರ್ ಹೇಳಲಿ. ಬಿ12 ಒಂದು ಮಿಲಿಲೀಟರ್ ರಕ್ತದಲ್ಲಿ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದೇ ಲೆಕ್ಕ. ಹಾಲು ಮೊಸರು ತಿನ್ನುವ ಸಸ್ಯಾಹಾರಿಗಳಲ್ಲೂ ಈ ಕೊರತೆ ನಮ್ಮಲ್ಲಿ ತುಂಬ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಅಂತ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಇನ್ನೂ ಜಾಸ್ತಿ.

ಕಬ್ಬಿಣದ್ದು ಎರಡನೇ ಮಾತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಸಸ್ಯದ ಕಬ್ಬಿಣ ಮೈಗೆ ಹತ್ತುವುದು ನಿಧಾನ. ಜೊತೆಗೆ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಹೆಸರುಬೇಳೆ ಕೋಸಂಬರಿಗೆ ನಿಂಬೆ ಹಿಂಡುವುದು, ಊಟದ ಜೊತೆ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನುವುದು ಅದಕ್ಕೇ ಒಳ್ಳೆಯದು. ಊಟ ಮುಗಿದ ತಕ್ಷಣ ಫಿಲ್ಟರ್ ಕಾಫಿ, ಟೀ ಕುಡಿದರೆ ಕಬ್ಬಿಣಕ್ಕೆ ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯಲಿ. ಕ್ಯಾಲ್ಸಿಯಂಗೆ ರಾಗಿ, ಎಳ್ಳು, ನುಗ್ಗೆಸೊಪ್ಪು, ತೋಫು. ಹಾಲಿನ ಬದಲು ಬಾದಾಮಿ ಹಾಲು ಕುಡಿಯುತ್ತಿದ್ದರೆ ಅದರಲ್ಲಿ ಪ್ರೋಟೀನ್ ಹೆಸರಿಗಷ್ಟೇ ಇರುತ್ತದೆ ಅಂತ ಹೇಳಿ. ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ವಾಸಿ.

ಬ್ರಿಟನ್ನಿನಲ್ಲಿ ಎಪಿಕ್-ಆಕ್ಸ್‌ಫರ್ಡ್ ಎಂಬ ಅಧ್ಯಯನ ಸಾವಿರಾರು ಸಸ್ಯಾಹಾರಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದೆ. 2019ರ ಫಲಿತಾಂಶದಲ್ಲಿ ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳಿಗೆ ಹೃದಯದ ರಕ್ತನಾಳದ ಕಾಯಿಲೆ ಶೇ 22ರಷ್ಟು ಕಡಿಮೆ ಇತ್ತು, ಪಾರ್ಶ್ವವಾಯು ಮಾತ್ರ ಶೇ 20ರಷ್ಟು ಜಾಸ್ತಿ ಇತ್ತು. ಕಾರಣ ಖಚಿತವಾಗಿಲ್ಲ, ಬಿ12 ಕೊರತೆ ಒಂದು ಅನುಮಾನ. 2020ರಲ್ಲಿ ಅದೇ ಗುಂಪಿನ ಲೆಕ್ಕದಲ್ಲಿ ಹಾಲು ಮೊಟ್ಟೆಯನ್ನೂ ಬಿಟ್ಟವರಿಗೆ ಮೂಳೆ ಮುರಿತ ಶೇ 43ರಷ್ಟು ಜಾಸ್ತಿ ಕಂಡಿತು. ಅವರ ಕ್ಯಾಲ್ಸಿಯಂ, ಪ್ರೋಟೀನ್ ಕಡಿಮೆ ಇತ್ತು. ಇದನ್ನು ಮಗಳನ್ನು ಹೆದರಿಸಲು ಬಳಸಬೇಡಿ. ಪ್ರಾಣಿಗಳ ಮೇಲಿನ ಪ್ರೀತಿಯಿಂದ ಬಿಟ್ಟಿದ್ದರೆ ಅದು ಅವಳ ಆಯ್ಕೆ. ಬಿ12 ಮಾತ್ರೆ, ಕಾಳು, ರಾಗಿ, ಎಳ್ಳು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಇಷ್ಟಿದ್ದರೆ ಚೆನ್ನಾಗಿಯೇ ಇರುತ್ತಾಳೆ.

ಕಾಳು ಜಾಸ್ತಿ ಮಾಡಿದ ಮೊದಲ ವಾರ ಹೊಟ್ಟೆ ಉಬ್ಬರ ಬಂದೇ ಬರುತ್ತದೆ. ಗ್ಯಾಸ್ ಅಂತ ಅಲ್ಲಿಗೇ ಬಿಟ್ಟುಬಿಡುವವರೇ ಜಾಸ್ತಿ. ಕಾಳಿನ ಕೆಲವು ಸಕ್ಕರೆಗಳನ್ನು ನಮ್ಮ ಕರುಳು ಅರಗಿಸುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅರಗಿಸುತ್ತವೆ, ಗಾಳಿ ಅಲ್ಲಿಂದ ಬರುತ್ತದೆ. ಆ ಬ್ಯಾಕ್ಟೀರಿಯಾಗಳೇ ನಾರಿನಿಂದ ಕರುಳಿಗೆ ಒಳ್ಳೆಯದಾಗುವ ಕೊಬ್ಬಿನಾಮ್ಲಗಳನ್ನೂ ತಯಾರಿಸುತ್ತವೆ. ರಾತ್ರಿ ಇಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಕಟ್ಟಿ, ಮೆತ್ತಗೆ ಬೇಯಿಸಿ. ಹೆಸರುಕಾಳಿನಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ಕಡಲೆ, ಹುರುಳಿಗೆ ಬನ್ನಿ. ನೀರು ಜಾಸ್ತಿ ಕುಡಿಯಿರಿ.

ಸೊಪ್ಪಿನ ಬಗ್ಗೆ ಬೆಂಗಳೂರಿನವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಕೊಳಚೆ ಸೇರುವ ಕೆರೆ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಭಾರ ಲೋಹಗಳು ಸೇರಿಕೊಳ್ಳುತ್ತವೆ. ಮಣ್ಣು, ಹುಳುವಿನ ಮೊಟ್ಟೆ, ಮೇಲೆ ಸಿಂಪಡಿಸಿದ ಔಷಧಿ ತೊಳೆದರೆ ಹೋಗಬಹುದು, ಎಲೆಯೊಳಗೆ ಸೇರಿದ ಲೋಹ ಹೋಗುವುದಿಲ್ಲ. ಹಾಗಾಗಿ ದಿನಾ ಒಂದೇ ಕಡೆ, ಒಂದೇ ಸೊಪ್ಪು ಕೊಳ್ಳಬೇಡಿ. ಎಲ್ಲಿ ಬೆಳೆದದ್ದು ಅಂತ ಕೇಳಿ. ನುಗ್ಗೆ, ಕರಿಬೇವು, ಮೆಂತ್ಯವನ್ನು ಮನೆಯ ಮುಂದೆ, ಕುಂಡದಲ್ಲಿ ಬೆಳೆಸಬಹುದು. ಈ ಭಯಕ್ಕೆ ಸೊಪ್ಪನ್ನೇ ಬಿಟ್ಟರೆ ನಷ್ಟ ಜಾಸ್ತಿ.

ಕೆಲವರು ಇದನ್ನು ಓದಿ ನೇರವಾಗಿ ಶುರು ಮಾಡಬಾರದು. ಕಿಡ್ನಿ ತೊಂದರೆ ಇರುವವರಿಗೆ ಸೊಪ್ಪು, ಎಳನೀರು, ಕಾಳಿನ ಪೊಟ್ಯಾಸಿಯಂ ಅಪಾಯವಾಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪು ಜಾಸ್ತಿ ಮಾಡಿದರೆ ಮಾತ್ರೆಯ ಕೆಲಸ ಏರುಪೇರಾಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಇರುವವರು ಅನ್ನ ಅರ್ಧ ಮಾಡಿದರೆ ಸಕ್ಕರೆ ತೀರಾ ಇಳಿಯಬಹುದು. ಮೊದಲು ಡಾಕ್ಟರನ್ನು ಕೇಳಲಿ. ಸ್ಟೆಂಟ್ ಹಾಕಿಸಿಕೊಂಡ ನಿಮ್ಮ ಗೆಳೆಯರಿಗೂ ಹೇಳಿ, ಊಟ ಎಷ್ಟೇ ಚೆನ್ನಾಗಿ ಬದಲಾದರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವಂತಿಲ್ಲ.

ನಿಮ್ಮ ಮೂರು ತಿಂಗಳು ಹೀಗಿರಲಿ. ಬೆಳಗ್ಗೆ ಎರಡು ಇಡ್ಲಿ, ಬಟ್ಟಲು ತುಂಬ ಗಟ್ಟಿ ಸಾಂಬಾರು, ಇಲ್ಲದಿದ್ದರೆ ಹೆಸರುಕಾಳಿನ ದೋಸೆ. ಕಾಫಿಗೆ ಸಕ್ಕರೆ ದಿನದಿಂದ ದಿನಕ್ಕೆ ಇಳಿಸುತ್ತಾ ಬನ್ನಿ. ಮಧ್ಯಾಹ್ನದ ಡಬ್ಬಿಯಲ್ಲಿ ಅರ್ಧ ಭಾಗ ಪಲ್ಯ, ಕೋಸಂಬರಿ, ಕಾಲು ಭಾಗ ಕಾಳು, ಉಳಿದ ಕಾಲು ಭಾಗ ಅನ್ನವೋ ಚಪಾತಿಯೋ. ಸಂಜೆ ಬೋಂಡದ ಬದಲು ಬೇಯಿಸಿದ ಕಡಲೆಕಾಯಿ ಅಥವಾ ಒಂದು ಸೀಬೆಹಣ್ಣು. ರಾತ್ರಿ ಎಂಟರೊಳಗೆ ಮುದ್ದೆ, ಬಸ್ಸಾರು. ಊಟದ ಮೇಲೆ ಕಾಲು ಗಂಟೆ ಬೀದಿಯಲ್ಲಿ ನಡೆಯಿರಿ. ಹೊಟ್ಟೆಯ ಸುತ್ತಳತೆಯನ್ನು ಇವತ್ತೇ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ.

ಮೂರು ತಿಂಗಳ ಮೇಲೆ ಎಚ್‌ಬಿಎ1ಸಿ, ಲಿಪಿಡ್, ಲಿವರ್ ಪರೀಕ್ಷೆ ಮಾಡಿಸಿ. ಬಿ12 ಪರೀಕ್ಷೆಯನ್ನು ಆವರೆಗೆ ಕಾಯದೆ ಈಗಲೇ ಮಾಡಿಸಿ. ಇಷ್ಟಾದರೂ ಎಲ್‌ಡಿಎಲ್ ಬಗ್ಗದಿದ್ದರೆ ಡಾಕ್ಟರು ಮಾತ್ರೆ ಬರೆಯಬಹುದು. ಕೆಲವರಿಗೆ ಅದು ವಂಶದಿಂದಲೇ ಜಾಸ್ತಿ ಇರುತ್ತದೆ, ಎಷ್ಟು ಕಾಳು ತಿಂದರೂ ಒಂದು ಮಟ್ಟಕ್ಕಿಂತ ಕೆಳಗೆ ಬರುವುದಿಲ್ಲ. ಆಗ ಮಾತ್ರೆಯನ್ನೂ ತೆಗೆದುಕೊಳ್ಳಿ, ಬಸ್ಸಾರನ್ನೂ ಮುಂದುವರಿಸಿ. ಒಂದೇ ಒಂದು ಕೋರಿಕೆ, ಪರೀಕ್ಷೆಗೆ ಹೋಗುವ ವಾರ ಮಾತ್ರ ಪಥ್ಯ ಮಾಡಬೇಡಿ. ಟ್ರೈಗ್ಲಿಸರೈಡ್ ಒಂದು ವಾರಕ್ಕೇ ಇಳಿದು ಚೆನ್ನಾಗಿ ಕಾಣುತ್ತದೆ. ಎಚ್‌ಬಿಎ1ಸಿ ಹಾಗಲ್ಲ, ಹಿಂದಿನ ಎರಡು ಮೂರು ತಿಂಗಳಲ್ಲಿ ನೀವು ಏನೇನು ತಿಂದಿರಿ ಅನ್ನುವುದನ್ನು ಅದು ಡಾಕ್ಟರಿಗೆ ಹೇಳಿಬಿಡುತ್ತದೆ.